ಎಣ್ಣೆ ಕೈಗಳ ಚರಿತ್ರೆ

“ಚಿಕ್ಕೋನಿದ್ದಾಗ ಎಣ್ಣೆ ಬಟ್ಲು ಕಂಡ್ರೆ ಹಿತ್ಲಿಗೆ ಓಡೋನು. ಈಗ ದುಡ್ಡು ಕೊಟ್ಟು ಹಚ್ಚುಸ್ಕೊಳಕೆ ಹೋಗ್ತಿದೀಯಲ್ಲ ಮಗ!” ಅಂತ ಅಮ್ಮ ಫೋನಲ್ಲಿ ನಕ್ಕರು.

ನಗಲಿ ಬಿಡಿ. ಹತ್ತು ವರ್ಷ ಲ್ಯಾಪ್‌ಟಾಪಿನ ಮುಂದೆ ಬಗ್ಗಿ ಕೂತು ನನ್ನ ಕತ್ತು ಎಡಕ್ಕೆ ತಿರುಗೋದನ್ನೇ ಬಿಟ್ಟಿತ್ತು. ಬೆಂಗಳೂರಿನ ಸ್ಪಾಗಳ ಮೆನು ಕಾರ್ಡ್ ನೋಡಿದರೆ ಅಳುಕು. ಸ್ವೀಡಿಷ್ ಅಂತೆ, ಡೀಪ್ ಟಿಶ್ಯೂ ಅಂತೆ. ಕೊನೆಗೆ ದೀಪಾವಳಿಗೆ ಊರಿಗೆ ಹೋದಾಗ ಹಾಸನದ ಒಂದು ಆಯುರ್ವೇದ ಆಸ್ಪತ್ರೆಯ ಬಾಗಿಲು ತಟ್ಟಿದೆ. ನಮ್ಮೂರು ಹೊಳೆನರಸೀಪುರಕ್ಕೂ ಅರಕಲಗೂಡಿಗೂ ನಡುವೆ. ಹಾಸನಕ್ಕೆ ಬಸ್ಸಲ್ಲಿ ಒಂದು ಗಂಟೆ ಹಿಡಿಯುತ್ತೆ.

ಮೊದಲ ಸಲ ಹೋಗೋರಿಗೆ ಅಲ್ಲಿ ಏನಾಗುತ್ತೆ ಅಂತ ಹೇಳಿಬಿಡ್ತೀನಿ. ಮೊದಲು ಎಣ್ಣೆ ಅಲ್ಲ, ಪ್ರಶ್ನೆ. ಬಿಪಿ ಎಷ್ಟು, ಜ್ವರ ಇದೆಯಾ, ಆಪರೇಷನ್ ಆಗಿದೆಯಾ, ಚರ್ಮದ ಮೇಲೆ ಗಾಯ ಇದೆಯಾ, ರಕ್ತ ಹೆಪ್ಪುಗಟ್ಟೋ ತೊಂದರೆ ಇದೆಯಾ, ಊಟ ಆಗಿ ಎಷ್ಟು ಹೊತ್ತಾಯ್ತು? ಈ ಕೊನೇ ಪ್ರಶ್ನೆ ಸುಮ್ಮನೆ ಕೇಳೋದಲ್ಲ. ವಾಗ್ಭಟನ ಅಷ್ಟಾಂಗಹೃದಯ ದಿನಾ ಎಣ್ಣೆ ಹಚ್ಚಿಕೊಳ್ಳಿ, ಅದರಲ್ಲೂ ತಲೆ, ಕಿವಿ, ಪಾದಕ್ಕೆ ಹಚ್ಚಿ ಅನ್ನುತ್ತೆ. ಅಜೀರ್ಣ ಆದವರಿಗೆ ಬೇಡ ಅಂತಲೂ ಹೇಳುತ್ತೆ.

ಆಮೇಲೆ ಒಳಗಿನ ಕೋಣೆ. ಉದ್ದನೆಯ ಮರದ ಹಲಗೆ, ಎಣ್ಣೆ ಇಳಿದು ಹೋಗೋಕೆ ಅಂಚಿನಲ್ಲಿ ಕಾಲುವೆ. ಇದಕ್ಕೆ ದ್ರೋಣಿ ಅಂತಾರೆ. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು. ಬಟ್ಟೆ ಬಿಚ್ಚಿ ಒಂದು ಲಂಗೋಟಿಯಲ್ಲಿ ನಿಲ್ಲೋದು ಮುಜುಗರವೇ. ಆದರೆ ಅವರಿಗೆ ನಮ್ಮ ಮೈ ನಮಗೆ ಕೋಡ್ ಇದ್ದ ಹಾಗೆ, ಎಲ್ಲಿ ಬಗ್ ಇದೆ ಅಂತಷ್ಟೇ ನೋಡ್ತಾರೆ. ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲಿಟ್ಟು ಎಣ್ಣೆ ಬೆಚ್ಚಗೆ ಮಾಡಿ, ಕೂರಿಸಿ ತಲೆಯಿಂದ ಶುರು ಮಾಡಿದರು. ಆಮೇಲೆ ಅಂಗಾತ, ಎಡಮಗ್ಗುಲು, ಬಲಮಗ್ಗುಲು, ಬೋರಲು. ಮುಕ್ಕಾಲು ಗಂಟೆ ಎಣ್ಣೆ ತಿಕ್ಕಿ, ಕೊನೆಗೆ ತಲೆ ಮಾತ್ರ ಹೊರಗಿಟ್ಟು ಪೆಟ್ಟಿಗೆಯೊಳಗೆ ಹಬೆ.

ಬೋರಲು ಮಲಗಿದ್ದಾಗ ಯೋಚನೆಗೆ ಹೊತ್ತು ಸಿಗುತ್ತೆ. ಈ ಕೆಲಸಕ್ಕೆ ನಮ್ಮಲ್ಲಿ ಎಷ್ಟು ವಯಸ್ಸು? ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1129ರ ಹೊತ್ತಿಗೆ ‘ಮಾನಸೋಲ್ಲಾಸ’ ಅನ್ನೋ ಸಂಸ್ಕೃತ ಗ್ರಂಥ ಬರೆದ. ರಾಜನ ಇಪ್ಪತ್ತು ಭೋಗಗಳ ಪಟ್ಟಿ ಅದರಲ್ಲಿದೆ. ಸ್ನಾನಕ್ಕೆ ಒಂದು ಭಾಗ, ಬರೀ ಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳೋದಕ್ಕೆ, ಅಂದರೆ ಪಾದಾಭ್ಯಂಗಕ್ಕೆ, ಇನ್ನೊಂದು ಭಾಗ. ಇವತ್ತಿನ ಬಸವಕಲ್ಯಾಣದಲ್ಲಿ ಒಂಬೈನೂರು ವರ್ಷದ ಹಿಂದೆಯೇ ಫುಟ್ ಮಸಾಜ್ ಇತ್ತು ಅಂತಾಯ್ತು. ಯಾವ ರಾಜನ ಕಾಲು ಅಂತ ನಮಗೆ ಗೊತ್ತು. ಯಾರ ಕೈ ಅಂತ ಗೊತ್ತಿಲ್ಲ.

ಕೈಗೂ ಹೆಸರು ಉಳಿದಿರೋ ಕತೆ ಒಂದಿದೆ. ಪಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದ್ ಇಂಗ್ಲೆಂಡಿನ ಬ್ರೈಟನ್ನಿಗೆ ಹೋಗಿ, ಹಬೆಸ್ನಾನ ಮಾಡಿಸಿ ಮೈ ತಿಕ್ಕೋ ಅಂಗಡಿ ಇಟ್ಟ. ನಾಲ್ಕನೇ ಜಾರ್ಜ್ ದೊರೆ ಅವನನ್ನ ತನ್ನ ‘ಶಾಂಪೂಯಿಂಗ್ ಸರ್ಜನ್’ ಮಾಡಿಕೊಂಡ. ಶಾಂಪೂ ಅಂದರೆ ಆಗ ಬಾಟಲಿ ಅಲ್ಲ. ಅದು ಹಿಂದಿಯ ಚಾಂಪೋ, ಚಂಪಿಯಿಂದ ಹೋದ ಮಾತು, ಅಂದರೆ ಮೈ ಅದುಮೋದು. ಅವನು 1822ರಲ್ಲಿ ಆ ವಿಷಯಕ್ಕೆ ಪುಸ್ತಕವನ್ನೂ ಪ್ರಕಟಿಸಿದ. ಹಾಗಾಗಿ ಅವನ ಹೆಸರು ಉಳಿಯಿತು.

ಸ್ಪಾ ಮೆನುವಿನ ‘ಸ್ವೀಡಿಷ್’ನ ಕತೆಯೂ ತಮಾಷೆ. 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ವ್ಯಾಯಾಮಶಾಲೆ ಕಟ್ಟಿದ ಪೆರ್ ಹೆನ್ರಿಕ್ ಲಿಂಗ್ ಹೆಸರಿಗೆ ಅದನ್ನ ಅಂಟಿಸ್ತಾರೆ. ಆದರೆ ಎಫ್ಲುರಾಜ್, ಪೆಟ್ರಿಸಾಜ್ ಅನ್ನೋ ಹೆಸರುಗಳು ಚಾಲ್ತಿಗೆ ಬಂದದ್ದು ಆಮ್‌ಸ್ಟರ್‌ಡ್ಯಾಮಿನ ಡಾಕ್ಟರ್ ಮೆಟ್ಜ್‌ಗರ್ ಕಡೆಯಿಂದ. ಹೆದರಬೇಡಿ, ಅರ್ಥ ಇಷ್ಟೇ: ನೀವೋದು, ನಾದೋದು, ತಿಕ್ಕೋದು, ತಟ್ಟೋದು. ಅರಕಲಗೂಡು ಕಡೆ ಅಕ್ಕಿರೊಟ್ಟಿ ಮಾಡೋ ಯಾವ ಹೆಂಗಸಿಗಾದರೂ ಇದರಲ್ಲಿ ಎರಡು ಬರುತ್ತೆ.

ಇನ್ನೆರಡು ನಮ್ಮೂರ ಅಜ್ಜಿಗೆ ಬರ್ತಿದ್ದವು. ಊರಲ್ಲಿ ಯಾರ ಮನೇಲಿ ಹೆರಿಗೆ ಆದರೂ ಬಾಣಂತಿಗೆ, ಮಗೂಗೆ ಎಣ್ಣೆ ನೀರು ಹಾಕೋಕೆ ಆಕೆಯೇ ಬರಬೇಕು. ಬಚ್ಚಲಲ್ಲಿ ಕಾಲು ಚಾಚಿ ಕೂತು, ಮಗೂನ ಕಾಲ ಮೇಲೆ ಮಲಗಿಸಿ ಹರಳೆಣ್ಣೆ ತಿಕ್ಕೋಳು. ಆಟ ಆಡಿ ಕಾಲು ಉಳುಕಿಸಿಕೊಂಡು ಬಂದರೆ ನೀವೋಳೂ ಆಕೆಯೇ. “ಅಲ್ಲಾಡ್‌ಬ್ಯಾಡ ಕಣ್ ಮಗ, ತಡ್ಕೋ” ಅಂದರೆ ತಡ್ಕೋಬೇಕು. ಕೂಲಿ ಅಂತ ಸುಗ್ಗಿಯಲ್ಲಿ ರಾಗಿ, ಹಬ್ಬಕ್ಕೊಂದು ಸೀರೆ. ಕಾಫಿ ಮಾತ್ರ ಹಿತ್ತಲ ಮೆಟ್ಟಿಲ ಮೇಲೆ, ಬೇರೆ ಲೋಟದಲ್ಲಿ. ನಮ್ಮ ಮನೇಲೂ ಹಾಗೇ ನಡೀತಿತ್ತು. ಊರಿನ ಮಕ್ಕಳ ಮೈಯೆಲ್ಲ ಮುಟ್ಟಿದ ಕೈ ನಮ್ಮ ಅಡುಗೆಮನೆಯ ಲೋಟ ಮುಟ್ಟೋ ಹಾಗಿರಲಿಲ್ಲ. ಚಿಕ್ಕವನಿದ್ದಾಗ ನನಗದು ವಿಚಿತ್ರ ಅಂತಲೂ ಅನ್ನಿಸಿರಲಿಲ್ಲ.

ಈ ಕೆಲಸ ಕಾಲೇಜು ಮೆಟ್ಟಿಲನ್ನೂ ಹತ್ತಿತು. ಮೈಸೂರಿನಲ್ಲಿ ಸರ್ಕಾರಿ ಆಯುರ್ವೇದ ಕಾಲೇಜು ಶುರುವಾದದ್ದು 1908ರಲ್ಲಿ. ಹಾಸನಕ್ಕೆ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜು 1992ರಲ್ಲಿ ಬಂತು. ಬಚ್ಚಲಲ್ಲಿ ನಡೀತಿದ್ದ ಕೆಲಸಕ್ಕೆ ಕೇಸ್ ಶೀಟ್, ಯೂನಿಫಾರ್ಮ್, ರಸೀದಿ ಬಂದವು. ಅದು ಒಳ್ಳೇದೇ. ಅಜ್ಜಿಯಂಥವರು ಮಾತ್ರ ಆ ಮೆಟ್ಟಿಲು ಹತ್ತಲಿಲ್ಲ.

ನನ್ನ ಭುಜದ ಗಂಟಿಗೆ ಹೆಬ್ಬೆರಳು ಒತ್ತಿದಾಗ ಥೆರಪಿಸ್ಟ್ ಕೇಳಿದರು, “ನೋವಾಗ್ತಿದ್ಯಾ ಸಾರ್?” ಇಲ್ಲ ಅಂದೆ. ಕಣ್ಣಲ್ಲಿ ನೀರು ಬಂದಿತ್ತು. “ಭುಜ ಬಿಗೀತಿದೆ, ನೀವು ಇಲ್ಲ ಅಂತೀರಿ. ಬಾಯಿಬಿಟ್ಟು ಹೇಳಿ ಸಾರ್, ನಿಲ್ಲಿಸ್ತೀನಿ” ಅಂದರು. ನನಗೆ ಗೊತ್ತಿದ್ದದ್ದು ತಡ್ಕೊಳ್ಳೋದು ಒಂದೇ. ನಿಲ್ಲಿಸಿ ಅನ್ನಬಹುದು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಮೊದಲ ಸಲ ಹೋಗೋರು ನೆನಪಿಡಬೇಕಾದ್ದು ಇದೇ. ಹಿತವಾದ ನೋವು ಬೇರೆ, ಚುಚ್ಚೋ ನೋವು ಬೇರೆ. ಮಾರನೇ ದಿನ ಸ್ವಲ್ಪ ಮೈ ಕೈ ನೋವು ಸಹಜ. ಜೋಮು ಹಿಡಿದರೆ ಡಾಕ್ಟರ ಹತ್ತಿರ ಹೋಗಿ. ಮುಟ್ಟಿದ್ದು ಸರಿ ಅನ್ನಿಸದಿದ್ದರೆ ಎದ್ದು ಬನ್ನಿ, ಯಾರಿಗೂ ಕಾರಣ ಹೇಳಬೇಕಿಲ್ಲ.

ಸಂಜೆ ಮನೆಗೆ ಬಂದೆ. ಕತ್ತು ಪೂರ್ತಿ ಸರಿಹೋಗಿರಲಿಲ್ಲ, ಆದರೆ ಎಡಕ್ಕೆ ತಿರುಗ್ತಿತ್ತು. ಹಂಡೆಗೆ ಉರಿ ಹಾಕ್ತಿದ್ದ ಅಮ್ಮನ್ನ ಕೇಳಿದೆ, “ನಂಗೆ ನೀರು ಹಾಕ್ತಿದ್ದ ಅಜ್ಜಿ ಹೆಸರೇನಮ್ಮ?”

“ಅದೇ ಕಣ, ನೀರ್ ಹಾಕೋ ಅಜ್ಜಿ.”

“ಹೆಸರು?”

ಅಮ್ಮ ಸೌದೆ ಒಳಗೆ ತಳ್ಳಿ ಸ್ವಲ್ಪ ಹೊತ್ತು ಉರಿ ನೋಡಿದರು. “ನಿಮ್ಮಪ್ಪಂಗೆ ಗೊತ್ತಿರಬೋದು, ಕೇಳು” ಅಂದರು. ಅಪ್ಪನಿಗೂ ಗೊತ್ತಿರಲಿಲ್ಲ.

ನಾನು ಬೆಳಿಗ್ಗೆ ಆ ಥೆರಪಿಸ್ಟ್ ಹೆಸರು ಕೇಳಿದ್ದೆನಾ? ಇಲ್ಲ. ಮುಂದಿನ ಸಲ ಹೋದಾಗ ಎಣ್ಣೆ ಬಿಸಿಯಾಗೋ ಮೊದಲೇ ಕೇಳ್ತೀನಿ. ನೀವೂ ಕೇಳಿ.