ಮಲೆನಾಡಿನ ಗೋಡೆ ಏರಿದ ಫೋಟೋ

ಮನೆಮಂದಿಯ ಫೋಟೋಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ರೂಢಿ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಬೇರೂರಿದ್ದು ಇಪ್ಪತ್ತನೇ ಶತಮಾನದಲ್ಲಿ. ಯಾವ ಅಳತೆ, ಯಾವ ಕಾಗದ, ಯಾವ ಗೋಡೆ ಎಂಬುದನ್ನು ಇಲ್ಲಿ ದುಡ್ಡು, ಅಭಿರುಚಿಗಳ ಜೊತೆಗೆ ಮಳೆಯೂ ನಿರ್ಧರಿಸಿದೆ. ಮಾಸ್ತಿಕಟ್ಟೆ, ಹುಲಿಕಲ್, ಆಗುಂಬೆಗಳು ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರುಗಳ ಸಾಲಿನವು. ಆಗುಂಬೆಯ ವಾರ್ಷಿಕ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು.

ಫೋಟೋ ಬರುವ ಮೊದಲೂ ಇಲ್ಲಿನ ಗೋಡೆಗಳು ಬರಿದಾಗಿರಲಿಲ್ಲ. ದೀವರ ಮನೆಗಳಲ್ಲಿ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಿಂದ ಹಸೆ ಚಿತ್ತಾರ ಬರೆಯುತ್ತಿದ್ದರು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದ ಮೇಲೆ ಲಕ್ಷ್ಮಿ, ಸರಸ್ವತಿಯರ ಬಣ್ಣದ ಪಟಗಳು ದೇಶದುದ್ದಕ್ಕೂ ಮನೆಮನೆ ಸೇರಿದವು. ಗಾಜು, ಮರದ ಕಟ್ಟು, ಹಿಂದೆ ಕೊಂಡಿ ಎಂಬ ಏರ್ಪಾಡು ದೇವರ ಪಟದಿಂದ ಮನುಷ್ಯರ ಫೋಟೋಕ್ಕೆ ದಾಟಿತು.

ಆರಂಭದಲ್ಲಿ ಅಳತೆಯ ಆಯ್ಕೆ ಮನೆಯವರ ಕೈಯಲ್ಲಿರಲಿಲ್ಲ. ಗಾಜಿನ ನೆಗೆಟಿವನ್ನು ಕಾಗದದ ಮೇಲಿಟ್ಟು ಬೆಳಕು ತೋರಿಸಿ ಮುದ್ರಿಸುತ್ತಿದ್ದ ಕಾಲದಲ್ಲಿ ನೆಗೆಟಿವ್ ಎಷ್ಟೋ ಚಿತ್ರವೂ ಅಷ್ಟೇ: ಫುಲ್ ಪ್ಲೇಟ್ ಎಂದರೆ ಆರೂವರೆ–ಎಂಟೂವರೆ ಅಂಗುಲ. ಮನೆಮಂದಿಯೆಲ್ಲ ಸೇರಿದ ಗುಂಪು ಚಿತ್ರದಲ್ಲಿ ಮುಖಗಳು ಉಗುರಿನಷ್ಟೇ ಕಾಣುತ್ತಿದ್ದವು. ವಿದ್ಯುತ್ ದೀಪದ ಎನ್‌ಲಾರ್ಜರ್ ಬಂದ ಮೇಲೆ ಗುಂಪಿನಿಂದ ಒಂದೇ ಮುಖವನ್ನು ಎತ್ತಿ ದೊಡ್ಡದು ಮಾಡಿಸುವುದು ಸಾಧ್ಯವಾಯಿತು. ಹಿರಿಯರು ತೀರಿಕೊಂಡ ಮೇಲೆ ಬೇರೆ ಫೋಟೋ ಇಲ್ಲದೆ, ಮದುವೆಯ ಗುಂಪಿನಲ್ಲಿ ಕೂತವರನ್ನು ಹೀಗೆ ಬಿಡಿಸಿ ತೆಗೆಸುವುದು ವಾಡಿಕೆಯಾಯಿತು. ಮಸುಕಾದ ಕಡೆ ಸ್ಟುಡಿಯೊದವರು ಪೆನ್ಸಿಲಿನಿಂದ ಕಣ್ಣು, ಮೀಸೆ ತಿದ್ದುತ್ತಿದ್ದರು. ತೆಳುಬಣ್ಣದಿಂದ ಕೆನ್ನೆ, ಸೀರೆಯಂಚು ತುಂಬುತ್ತಿದ್ದರು.

ಕಟ್ಟು ಹಾಕುವಾಗ ಮುಖ್ಯ ಎಚ್ಚರ ಥಂಡಿಯದು. ಕಪ್ಪು–ಬಿಳುಪಿನ ಬ್ರೋಮೈಡ್ ಕಾಗದದ ಮೇಲ್ಪದರ ಜೆಲಟಿನ್. ಅದು ನೀರಾವಿ ಹೀರಿ ಉಬ್ಬಿ ಮೆತ್ತಗಾಗುತ್ತದೆ. ಗಾಜಿಗೆ ತಾಗಿದ್ದರೆ ಅಂಟಿಕೊಳ್ಳುತ್ತದೆ. ಬೇಸಿಗೆಯಲ್ಲಿ ಒಣಗಿದಾಗ ಬಿಡಿಸಲು ಹೋದರೆ ಮುಖವೇ ಗಾಜಿನ ಜೊತೆ ಕಿತ್ತು ಬರುತ್ತದೆ. ಬೂಷ್ಟು ಹಿಡಿಯುವುದೂ ಇದೇ ಪದರಕ್ಕೆ. ಚಿತ್ರದ ಸುತ್ತ ದಪ್ಪ ರಟ್ಟಿನ ಅಂಚು ಕೂರಿಸುವುದು ಅಂದಕ್ಕಷ್ಟೇ ಅಲ್ಲ. ಗಾಜಿಗೂ ಚಿತ್ರಕ್ಕೂ ನಡುವೆ ಸಂದು ಉಳಿಸುವುದಕ್ಕೂ ಹೌದು.

ತೂಗುಹಾಕುವ ಕ್ರಮದಲ್ಲೂ ಉಪಯೋಗವಿತ್ತು. ಹಳೆಯ ಮನೆಗಳಲ್ಲಿ ಪಟದ ತಳವನ್ನು ಗೋಡೆಗೆ ಆನಿಸಿ, ತಲೆಯನ್ನು ಹಗ್ಗ ಕಟ್ಟಿ ಮುಂದಕ್ಕೆ ಬಾಗಿಸುತ್ತಿದ್ದರು. ನೆಲದ ಮೇಲೆ ಚಾಪೆ ಹಾಸಿ ಕೂತವರಿಗೆ ಮುಖ ನೇರ ಕಾಣುತ್ತಿತ್ತು, ಗಾಜಿನ ಹೊಳಪು ಕಣ್ಣಿಗೆ ಹೊಡೆಯುತ್ತಿರಲಿಲ್ಲ, ಹಿಂಬದಿಯಲ್ಲಿ ಗಾಳಿಯಾಡುತ್ತಿತ್ತು. ಇರಚಲು ಬಡಿಯುವ ಪಡುವಣ ಗೋಡೆಗಿಂತ ಜಗಲಿಯ, ನಡುಮನೆಯ ಒಳಗೋಡೆಯೇ ಸುರಕ್ಷಿತ.

ಗತಿಸಿದವರ ಫೋಟೋಕ್ಕೆ ಕುಂಕುಮವಿಟ್ಟು ಹಾರ ಹಾಕುತ್ತಾರೆ. ಬದುಕಿರುವವರ ಫೋಟೋಕ್ಕೆ ಹಾರ ಹಾಕುವುದು ಅಶುಭವೆಂಬ ನಂಬಿಕೆಯಿದೆ. ಶ್ರೀಗಂಧದ ಕೆತ್ತನೆಗೆ ಹೆಸರಾದ ಸಾಗರದ ಗುಡಿಗಾರರ ಕಸುಬಿನಲ್ಲಿ ಗಂಧದ ಹಾರ, ಕೆತ್ತನೆಯ ಫೋಟೋಕಟ್ಟುಗಳೂ ಸೇರಿವೆ. ಬಾಡದ ಆ ಹಾರ ವರ್ಷಗಟ್ಟಲೆ ಪಟದ ಮೇಲೆಯೇ ಉಳಿಯುತ್ತದೆ.

ಸ್ಟುಡಿಯೊದ ಹಂಗಿಲ್ಲದೆ ಫೋಟೋ ತೆಗೆಯುವ ಅನುಕೂಲ ತಂದದ್ದು ಅಗ್ಗದ ಪೆಟ್ಟಿಗೆ ಕ್ಯಾಮೆರಾ. ವಡೋದರಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3ರಲ್ಲಿ ಒಂದು ಸುರುಳಿಗೆ 12 ಚೌಕ ಚಿತ್ರ ಬರುತ್ತಿದ್ದವು. 1960ರಲ್ಲಿ ಸ್ಥಾಪನೆಯಾದ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ‘ಇಂದು’ ಹೆಸರಿನ ಫಿಲ್ಮು, ಕಾಗದ ಒದಗಿಸಿತು. ಚಿಕ್ಕ ಪ್ರಿಂಟುಗಳು ಕಪ್ಪು ಹಾಳೆಯ ಆಲ್ಬಮ್ ಸೇರಿದವು. ಅತಿ ಮೆಚ್ಚಿನದಷ್ಟೇ ಗೋಡೆಗೇರಿತು.

ಬಣ್ಣದ ಲ್ಯಾಬುಗಳ ಕಾಲದಲ್ಲಿ ಪ್ಲಾಸ್ಟಿಕ್ ಲೇಪದ ಕಾಗದ ಬಂತು. ಅದು ಬೇಗ ಒಣಗುತ್ತದೆ, ಆದರೆ ಬಿಸಿಲಿಗೆ ಅದರ ಬಣ್ಣ ಮಾಸುತ್ತದೆ. ಲ್ಯಾಮಿನೇಟ್ ಮಾಡಿ ಹಲಗೆಗೆ ಅಂಟಿಸುವ ಪದ್ಧತಿ ಗಾಜನ್ನೇ ಕೈಬಿಟ್ಟಿತು, ಅಂಟುವ ತೊಂದರೆಯೂ ತಪ್ಪಿತು. ಇದೇ ಹೊತ್ತಿಗೆ ಗೋಡೆಯೂ ಬದಲಾಯಿತು. 1989ರಲ್ಲಿ ವಿದ್ಯುತ್ ಉತ್ಪಾದನೆ ಆರಂಭಿಸಿದ ವಾರಾಹಿ ಯೋಜನೆಗಾಗಿ ಮಾಸ್ತಿಕಟ್ಟೆಯಲ್ಲಿ ಎದ್ದ ಕಾಲೊನಿಯಂಥ ಕಡೆ ಸಿಮೆಂಟಿನ ಗೋಡೆ ಬಂತು. ಕುರ್ಚಿಯಲ್ಲಿ ಕೂರುವವರಿಗೆ ಪಟ ಬಾಗಿಸುವ ಅಗತ್ಯವಿರಲಿಲ್ಲ, ಅದು ಗೋಡೆಗೆ ಚಪ್ಪಟೆಯಾಗಿ ಅಂಟಿ ನಿಂತಿತು.

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕವಿಮನೆಯಲ್ಲಿ ಕುವೆಂಪು ಮತ್ತು ಅವರ ಕುಟುಂಬದ ಫೋಟೋಗಳನ್ನು ಹಳೆಯ ತೊಟ್ಟಿಮನೆಯ ಗೋಡೆಗಳಲ್ಲೇ ಈಗಲೂ ನೋಡಬಹುದು. ಉಳಿದ ಮನೆಗಳಲ್ಲಿ ಹೆಚ್ಚಿನ ಚಿತ್ರಗಳು ಮೊಬೈಲಿನಲ್ಲೇ ಇವೆ. ಮುದ್ರಿಸಿ ಗೋಡೆಗೇರಿಸುವುದು ಮದುವೆಯ ಜೋಡಿ, ಮೊದಲ ಮಗು, ಗತಿಸಿದ ಹಿರಿಯರು, ಹೀಗೆ ಕೆಲವಕ್ಕಷ್ಟೇ ಉಳಿದಿದೆ.