ಗರಡಿಯ ಹೊಟ್ಟೆ, ವ್ಯಾಯಾಮಶಾಲೆಯ ಹೊಟ್ಟೆ

ಹೊಟ್ಟೆಯ ಮೇಲೆ ಗೆರೆ ಕೊರೆದಂತೆ ಎದ್ದು ಕಾಣುವ ಸ್ನಾಯುಗಳು ಒಳ್ಳೆಯ ಮೈಕಟ್ಟಿನ ಗುರುತಾದದ್ದು ಕನ್ನಡನಾಡಿನಲ್ಲಿ ಇಪ್ಪತ್ತನೆಯ ಶತಮಾನದ ಮಾತು. ಮೈ ಬೆಳೆಸುವ ವಿದ್ಯೆಯಾದರೋ ಅದಕ್ಕಿಂತ ಬಹಳ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದವೆಂಬ ಭಾಗವೇ ಇದೆ. ಭಾರ ಎತ್ತುವ ಭಾರಶ್ರಮ, ನಡಿಗೆಯ ಭ್ರಮಣಶ್ರಮ, ಈಜಿನ ಸಲಿಲಶ್ರಮ, ಕಂಬ ಹಿಡಿದು ಮಾಡುವ ಸ್ತಂಭಶ್ರಮ ಎಂದು ಜಟ್ಟಿಗಳ ಸಾಧನೆಯನ್ನು ಅಲ್ಲಿ ಬಗೆಬಗೆಯಾಗಿ ಹೇಳಿದೆ. ಮಾಂಸ, ಬೇಳೆಕಾಳು, ಹಾಲು ಸೇರಿದ ಪುಷ್ಟಿಯ ಊಟವನ್ನೂ ವಿಧಿಸಿದೆ. ಊಟ ಮತ್ತು ಸಾಮು ಒಂದೇ ವಿದ್ಯೆಯ ಎರಡು ಕೈಗಳೆಂಬ ತಿಳಿವಳಿಕೆ ಅಂದೇ ಇತ್ತು.

ಆ ತಿಳಿವಳಿಕೆ ಗರಡಿಮನೆಗಳಲ್ಲಿ ಉಳಿದು ಬಂತು. ಮೈಸೂರು ಒಡೆಯರ ಆಶ್ರಯದಲ್ಲಿ, ದಸರಾ ಕುಸ್ತಿ ಮತ್ತು ಜಟ್ಟಿಗಳ ವಜ್ರಮುಷ್ಟಿ ಕಾಳಗದ ನೆರಳಿನಲ್ಲಿ, ಗರಡಿಗಳು ಊರಿನ ಮರ್ಯಾದೆಯ ಪ್ರಶ್ನೆಯಾಗಿ ಬೆಳೆದವು. ಬೆಳಕು ಹರಿಯುವ ಮೊದಲೇ ಕೆಮ್ಮಣ್ಣಿನ ಮಟ್ಟಿಯನ್ನು ಅಗೆದು ಹದ ಮಾಡಬೇಕು. ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆತು ಆ ಮಣ್ಣು ಹಿಟ್ಟಿನಂತೆ ನುಣುಪಾಗಿರುತ್ತದೆ. ಆಮೇಲೆ ನೂರುಗಟ್ಟಲೆ ದಂಡ, ನೂರುಗಟ್ಟಲೆ ಬಸ್ಕಿ, ಗದೆ ತಿರುಗಿಸುವುದು, ಜೋಡಿ ಹಿಡಿಯುವುದು. ದಂಡ ಹೊಡೆಯುವಾಗ ಎದೆ ನೆಲದ ಸಮೀಪ ಇಳಿದು ಮೇಲೇಳುವಷ್ಟು ಹೊತ್ತೂ ನಡುವನ್ನು ಬಿಗಿಹಿಡಿಯುವುದು ಹೊಟ್ಟೆಯ ಸ್ನಾಯುವೇ. ಗದೆ ಬೆನ್ನ ಹಿಂದೆ ಸುತ್ತುವಾಗಲೂ ಅಷ್ಟೇ.

ಇಷ್ಟಾಗಿಯೂ ಪೈಲ್ವಾನರ ಹೊಟ್ಟೆಯಲ್ಲಿ ಗೆರೆಗಳು ಕಾಣುತ್ತಿದ್ದುದು ಅಪರೂಪ. ಕಾರಣ ಖುರಾಕು. ಅರೆದ ಬಾದಾಮಿ ಹಾಕಿದ ಹಾಲು, ತುಪ್ಪ, ಮುದ್ದೆ, ಮಾಂಸ ಎಲ್ಲವೂ ತೂಕ ಕೂಡಿಸಲೆಂದೇ ಇದ್ದವು. ಎದುರಾಳಿ ಎತ್ತಲಾಗದಂಥ ಭಾರ ಅಖಾಡದಲ್ಲಿ ಆಸ್ತಿ. ಹೊಟ್ಟೆ ಕಲ್ಲಿನಂತೆ ಗಟ್ಟಿ, ಆದರೆ ಮೇಲೆ ಕೊಬ್ಬಿನ ಹೊದಿಕೆ. ಅದನ್ನು ಯಾರೂ ಕೊರತೆಯೆಂದು ಬಗೆಯಲಿಲ್ಲ, ಬಗೆಯಬೇಕಾಗಿಯೂ ಇರಲಿಲ್ಲ.

ದೇಹದ ರಚನೆಯೇ ಇದನ್ನು ವಿವರಿಸುತ್ತದೆ. ಪಕ್ಕೆಲುಬಿನಿಂದ ಕಿಬ್ಬೊಟ್ಟೆಯವರೆಗೆ ಇಳಿಯುವ ರೆಕ್ಟಸ್ ಅಬ್ಡಾಮಿನಿಸ್ ಎಂಬ ಜೋಡಿ ಸ್ನಾಯುವನ್ನು ಅಡ್ಡಡ್ಡ ನಾರಿನ ಪಟ್ಟಿಗಳು ತುಂಡುತುಂಡಾಗಿ ವಿಭಾಗಿಸುತ್ತವೆ. ಆ ತುಂಡುಗಳು ಎಲ್ಲರಲ್ಲೂ ಇವೆ. ಎಷ್ಟಿವೆ, ಸಮವಾಗಿವೆಯೇ ಎಂಬುದು ಹುಟ್ಟಿನಿಂದ ಬಂದದ್ದು. ವ್ಯಾಯಾಮ ಅವನ್ನು ದಪ್ಪಗೊಳಿಸಬಲ್ಲದು. ಅವು ಕಾಣಬೇಕಾದರೆ ಚರ್ಮದಡಿಯ ಕೊಬ್ಬು ತೆಳುವಾಗಬೇಕು, ಅದು ಬಹುಪಾಲು ಊಟದ ಕೆಲಸ.

ಕಾಣುವ ಹೊಟ್ಟೆಗೆ ಬೆಲೆ ತಂದದ್ದು ಕ್ಯಾಮೆರಾ. ಪ್ರಷ್ಯಾದಲ್ಲಿ 1867ರಲ್ಲಿ ಹುಟ್ಟಿದ ಯೂಜೆನ್ ಸ್ಯಾಂಡೋ ಗ್ರೀಕ್ ಮತ್ತು ರೋಮನ್ ಶಿಲ್ಪಗಳ ಭಂಗಿಯಲ್ಲಿ ನಿಂತು ಫೋಟೋ ತೆಗೆಸಿಕೊಂಡು ಲೋಕವಿಖ್ಯಾತನಾದ. 1905ರ ಹೊತ್ತಿಗೆ ಭಾರತದಲ್ಲೂ ಪ್ರದರ್ಶನ ನೀಡಿದ. ಸೂರ್ಯನಮಸ್ಕಾರವನ್ನು ಮನೆಮಾತಾಗಿಸಿದ ಔಂಧ್ ಸಂಸ್ಥಾನದ ದೊರೆ ಕೂಡ ಮೊದಲು ವರ್ಷಗಟ್ಟಲೆ ಸ್ಯಾಂಡೋ ಕ್ರಮವನ್ನೇ ಅನುಸರಿಸಿದ್ದರು.

ಕನ್ನಡನಾಡಿನಲ್ಲಿ ಈ ಹೊಸ ಕಣ್ಣನ್ನು ತೆರೆಸಿದವರು ಕೆ. ವಿ. ಅಯ್ಯರ್ (1897–1980). 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಕರ್ತೃವಾಗಿ ಓದುಗರಿಗೆ ಪರಿಚಿತರಾದ ಇವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದರು, ಅಂಚೆಯ ಮೂಲಕ ಪಾಠ ಹೇಳಿದರು, 1930ರಲ್ಲಿ 'ಮಸಲ್ ಕಲ್ಟ್' ಎಂಬ ಇಂಗ್ಲಿಷ್ ಪುಸ್ತಕ ತಂದರು. ವಿದೇಶಿ ಪತ್ರಿಕೆಗಳಲ್ಲಿ ಅವರ ಚಿತ್ರಗಳು ಅಚ್ಚಾದವು. ಅವರ ಹಿರಿಮೆ ಸ್ಯಾಂಡೋವಿನ ಅನುಕರಣೆಯಲ್ಲಿಲ್ಲ. ಭಾರದ ಸಾಧನೆಗೆ ಹಠಯೋಗವನ್ನು ಕೂಡಿಸಿದ್ದು ಅವರ ನಿಜವಾದ ಕೊಡುಗೆ. ಅವರ ಒಡನಾಡಿ ಎಸ್. ಸುಂದರಂ ಕೂಡ ಯೋಗವನ್ನು ಅಂಗಸಾಧನೆಯಾಗಿ ಬೋಧಿಸಿದರು.

ಹೊಟ್ಟೆಯ ಮಟ್ಟಿಗೆ ಹಠಯೋಗದಲ್ಲಿ ನೌಲಿ ಮೊದಲೇ ಇತ್ತು. ತೊಡೆಗಳ ಮೇಲೆ ಕೈಯೂರಿ ಮುಂದೆ ಬಾಗಿ, ಉಸಿರನ್ನೆಲ್ಲ ಹೊರಬಿಟ್ಟು, ಹೊಟ್ಟೆಯನ್ನು ಪಕ್ಕೆಲುಬಿನಡಿಗೆ ಎಳೆದುಕೊಂಡು ನಡುವಿನ ಸ್ನಾಯುವನ್ನಷ್ಟೇ ಹೊರದೂಡಿದರೆ ಅದು ಕೋಲಿನಂತೆ ನಿಲ್ಲುತ್ತದೆ. ಎರಡೂ ಪಕ್ಕ ಗುಳಿ ಬೀಳುತ್ತದೆ. ಪಳಗಿದವರು ಆ ಕೋಲನ್ನು ಎಡದಿಂದ ಬಲಕ್ಕೆ ಹೊರಳಿಸುತ್ತಾರೆ. ಹಠಯೋಗಪ್ರದೀಪಿಕೆ ಇದನ್ನು ಹೇಳಿದ್ದು ಜಠರಾಗ್ನಿಗಾಗಿ, ಒಳಗಿನ ಶುದ್ಧಿಗಾಗಿ. ಅದೇ ಕ್ರಿಯೆ ಫೋಟೋ ಯುಗದಲ್ಲಿ ಸ್ನಾಯುವಿನ ಮೇಲಿನ ಹಿಡಿತದ ಸಾಕ್ಷಿಯಾಯಿತು.

ಹೊಟ್ಟೆಗೆ ಕಸರತ್ತು ಮಾಡಿದರೆ ಹೊಟ್ಟೆಯ ಕೊಬ್ಬೇ ಕರಗುತ್ತದೆಂಬ ನಂಬಿಕೆ ಬಹುಕಾಲ ಬಾಳಿತು. ಅಮೆರಿಕದಲ್ಲಿ 1984ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 13 ಗಂಡಸರು 27 ದಿನಗಳಲ್ಲಿ ತಲಾ 5,000ದಷ್ಟು ಸಿಟ್‌ಅಪ್ ಮಾಡಿದರು. ಕೊಬ್ಬಿನ ಕೋಶಗಳು ಹೊಟ್ಟೆ, ಬೆನ್ನು, ಪೃಷ್ಠ ಮೂರೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕುಗ್ಗಿದವು. ಹೊಟ್ಟೆಗೆ ವಿಶೇಷ ಲಾಭವೇನೂ ಆಗಲಿಲ್ಲ.

'ಸಿಕ್ಸ್ ಪ್ಯಾಕ್' ಎಂಬ ಮಾತು ಭಾರತದ ಓಣಿಓಣಿಗೆ ಹಬ್ಬಿದ್ದು 2007ರ ಹಿಂದಿ ಚಿತ್ರ 'ಓಂ ಶಾಂತಿ ಓಂ' ನಂತರ. 2019ರಲ್ಲಿ ಕನ್ನಡದ 'ಪೈಲ್ವಾನ್' ತೆರೆಗೆ ಬಂದಾಗ ಅದರ ನಾಯಕ ಕುಸ್ತಿಪಟುವಾಗಿದ್ದರೂ ಮೈಯನ್ನು ಹುರಿಗೊಳಿಸಿದ್ದು ಜಿಮ್. ಮೈಸೂರಿನ ಗರಡಿಗಳಲ್ಲಿ ಮಟ್ಟಿಗೆ ಇಳಿಯುವವರು ಮಾತ್ರ ಇಂದಿಗೂ ಬಾದಾಮಿ ಹಾಲು ಕುಡಿಯುತ್ತಾರೆ.