ಕುರ್ಚಿ ಕಾಯ್ದ ರಾಣಿ

ರಾಯಚೂರು ಬಸ್ ಸ್ಟ್ಯಾಂಡ್‌ನಲ್ಲಿ ಇಳಿದ್ರೆ ಕೋಟೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ, ಹತ್ತಿರದಲ್ಲೇ ಇದೆ. 1294ರ ಶಾಸನ ಕೆತ್ತಿದ ಭಾರೀ ಉದ್ದದ ಕಲ್ಲು ಇವತ್ತಿಗೂ ಅದರ ಗೋಡೆಯಲ್ಲಿದೆ. ಈ ಒಂದು ಕೋಟೆಗೆ ಇಷ್ಟೊಂದು ರಾಜರು ಯಾಕೆ ಹೊಡೆದಾಡಿದ್ರು? ಉತ್ತರ ಬೇಕಾದ್ರೆ ಮ್ಯಾಪ್ ನೋಡಿ. ದೇವದುರ್ಗದ ಕಡೆ ಕೃಷ್ಣಾ, ಮಾನ್ವಿಯ ಕಡೆ ತುಂಗಭದ್ರಾ. ಎರಡು ನದಿಗಳ ನಡುವೆ ಇರೋದೇ ರಾಯಚೂರು ದೋಆಬ್. ಬಹಮನಿಗಳಿಗೂ ವಿಜಯನಗರಕ್ಕೂ ತಲೆಮಾರುಗಟ್ಟಲೆ ಜಗಳ ನಡೆದಿದ್ದು ಈ ನೆಲಕ್ಕಾಗಿ. 1520ರಲ್ಲಿ ಕೃಷ್ಣದೇವರಾಯ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾನನ್ನು ಸೋಲಿಸಿ ರಾಯಚೂರನ್ನು ಗೆದ್ದುಕೊಂಡ. 45 ವರ್ಷ ಆದ ಮೇಲೆ, 1565ರ ಜನವರಿ 23ರಂದು ತಾಳಿಕೋಟೆ ಯುದ್ಧ ನಡೆಯಿತು. ವಿಜಯನಗರ ಸೋತಿತು. ರಾಯಚೂರು, ಮುದಗಲ್ಲು ಬಿಜಾಪುರದ ಅಲಿ ಆದಿಲ್ ಶಾನ ಕೈಸೇರಿದವು.

ನಮ್ಮ ಪಠ್ಯಪುಸ್ತಕ ಸಾಮಾನ್ಯವಾಗಿ ಇಲ್ಲಿಗೆ ಪುಟ ತಿರುಗಿಸಿಬಿಡುತ್ತೆ. ನಾನು ಕೇಳೋ ಪ್ರಶ್ನೆ ಬೇರೆ. ಗೆದ್ದವರ ಮನೆಯಲ್ಲಿ ಮುಂದೆ ಏನಾಯ್ತು?

ಅದಕ್ಕೆ ಮೊದಲು ಒಂದು ಮದುವೆಯ ವಿಷಯ ಹೇಳಬೇಕು. ಬಿಜಾಪುರ ಮತ್ತು ಅಹಮದ್‌ನಗರ ಹುಟ್ಟಾ ವೈರಿಗಳು. ಈ ಇಬ್ಬರು ವಿಜಯನಗರದ ವಿರುದ್ಧ ಒಟ್ಟಾಗಬೇಕಾದ್ರೆ ಬೀಗತನ ಬೇಕಿತ್ತು. ಹಾಗಾಗಿ ಅಹಮದ್‌ನಗರದ ಹುಸೇನ್ ನಿಜಾಮ್ ಶಾ ತನ್ನ ಮಗಳನ್ನು ಅಲಿ ಆದಿಲ್ ಶಾಗೆ ಕೊಟ್ಟ. ಬಳುವಳಿಯಾಗಿ ಸೊಲ್ಲಾಪುರದ ಕೋಟೆ ಹೋಯ್ತು. ಆ ಮದುಮಗಳೇ ಚಾಂದ್ ಬೀಬಿ. ಅಂದ್ರೆ ತಾಳಿಕೋಟೆಯ ಮೈತ್ರಿಗೆ ಹಾಕಿದ ಗಂಟು ಆಕೆ.

ಯುದ್ಧ ಗೆದ್ದ ಕೆಲವೇ ತಿಂಗಳಲ್ಲಿ ಹುಸೇನ್ ನಿಜಾಮ್ ಶಾ ತೀರಿಕೊಂಡ. ಮಗ ಮುರ್ತಜಾ ಇನ್ನೂ ಚಿಕ್ಕವನು. ತಾಯಿ ಖುಂಜಾ ಹುಮಾಯೂನ್ ರೀಜೆಂಟ್ ಆದಳು. ರೀಜೆಂಟ್ ಅಂದ್ರೆ ಯಾರು? ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ರಾಜ್ಯದ ಉಸ್ತುವಾರಿ. ಕುರ್ಚಿ ಇನ್ನೊಬ್ಬರದು, ಕಾಯೋ ಕೆಲಸ ಮಾತ್ರ ನಿಮ್ಮದು. ಖುಂಜಾ ಹುಮಾಯೂನ್ ಕೆಲವು ವರ್ಷ ಅಧಿಕಾರ ನಡೆಸಿದಳು. ಮಗ ದೊಡ್ಡವನಾದ, ಹೆತ್ತ ತಾಯಿಯನ್ನೇ ಬಂಧಿಸಿದ! ಇದು ಚಾಂದ್ ಬೀಬಿಯ ತವರುಮನೆಯಲ್ಲೇ ನಡೆದದ್ದು.

ಈಗ ಬಿಜಾಪುರಕ್ಕೆ ಬನ್ನಿ. 1580ರಲ್ಲಿ ಅಲಿ ಆದಿಲ್ ಶಾನ ಕೊಲೆಯಾಯಿತು. ಗಂಡು ಮಕ್ಕಳಿರಲಿಲ್ಲ. ತಮ್ಮನ ಮಗ ಇಬ್ರಾಹಿಂನನ್ನು ಪಟ್ಟಕ್ಕೆ ಕೂರಿಸಿದರು. ವಯಸ್ಸು ಎಷ್ಟು ಗೊತ್ತಾ? ಒಂಬತ್ತು. ಇವತ್ತಿನ ಲೆಕ್ಕದಲ್ಲಿ ನಾಲ್ಕನೇ ಕ್ಲಾಸ್ ಹುಡುಗ. ಹುಡುಗನ ಪಾಲನೆ, ವಿದ್ಯಾಭ್ಯಾಸ ವಿಧವೆ ಚಾಂದ್ ಬೀಬಿಯ ಹೆಗಲಿಗೆ ಬಿತ್ತು. ದರ್ಬಾರಿನ ಕೆಲಸ ಕಾಮಿಲ್ ಖಾನ್ ಕೈಗೆ ಹೋಯ್ತು.

ಕಾಮಿಲ್ ಖಾನ್ ಸ್ವಲ್ಪ ದಿನದಲ್ಲೇ ತಾನೇ ಸುಲ್ತಾನ ಅನ್ನೋ ಹಾಗೆ ಮೆರೆಯತೊಡಗಿದ. ಚಾಂದ್ ಬೀಬಿ ಕಿಶ್ವರ್ ಖಾನ್ ಎಂಬ ಸರದಾರನ ಸಹಾಯದಿಂದ ಅವನನ್ನು ಇಳಿಸಿದಳು. ಆಮೇಲೆ ಕಿಶ್ವರ್ ಖಾನನೂ ಅದೇ ದಾರಿ ಹಿಡಿದ. ಅಷ್ಟಕ್ಕೇ ನಿಲ್ಲಲಿಲ್ಲ, ಚಾಂದ್ ಬೀಬಿಯನ್ನು ಸಾತಾರಾ ಕೋಟೆಯಲ್ಲಿ ಸೆರೆಯಿಟ್ಟ. ಕೊನೆಗೆ ಇಖ್ಲಾಸ್ ಖಾನ್ ಮುಂತಾದ ಹಬ್ಷಿ ಸರದಾರರು, ಅಂದ್ರೆ ಆಫ್ರಿಕಾ ಮೂಲದವರು, ತಿರುಗಿಬಿದ್ದರು. ಕಿಶ್ವರ್ ಖಾನ್ ಓಡಿಹೋದ. ಚಾಂದ್ ಬೀಬಿ ಸೆರೆಯಿಂದ ಬಿಡುಗಡೆಯಾಗಿ ಬಿಜಾಪುರಕ್ಕೆ ವಾಪಸ್ ಬಂದಳು.

ಮನೆಯೊಳಗೆ ಜಗಳ ಇದ್ರೆ ಹೊರಗಿನವರು ಸುಮ್ಮನಿರ್ತಾರಾ? ಅಹಮದ್‌ನಗರ ಮತ್ತು ಗೋಲ್ಕೊಂಡದ ಸೈನ್ಯ ಬಂದು ಬಿಜಾಪುರವನ್ನೇ ಮುತ್ತಿತು. ಹದಿನಾರು ವರ್ಷದ ಹಿಂದೆ ತಾಳಿಕೋಟೆಯಲ್ಲಿ ಭುಜಕ್ಕೆ ಭುಜ ಕೊಟ್ಟು ನಿಂತವರು ಇವರೇ. ಅಹಮದ್‌ನಗರದಲ್ಲಿ ಆಗ ಆಳ್ತಿದ್ದವನು ಯಾರು? ಮುರ್ತಜಾ, ಚಾಂದ್ ಬೀಬಿಯ ಒಡಹುಟ್ಟಿದವನು. ತವರಿನ ದಂಡು ಗಂಡನ ಮನೆ ಬಾಗಿಲಲ್ಲಿ ನಿಂತಿತ್ತು.

ನಾನು ಓದಿದ್ದು ಇಂಜಿನಿಯರಿಂಗ್. ಗೋಡೆ ಬೀಳೋದು ಹೊರಗಿನ ಪೆಟ್ಟಿಗೆ ಮಾತ್ರ ಅಲ್ಲ, ಕಲ್ಲುಗಳ ನಡುವಿನ ಹಿಡಿತ ಹೋದಾಗಲೂ ಬೀಳುತ್ತೆ. ಬಿಜಾಪುರದಲ್ಲಿ ಆಗಿದ್ದು ಅದೇ. ಹಬ್ಷಿ ಸರದಾರರ ಮಾತನ್ನು ಉಳಿದವರು ಕೇಳ್ತಿರಲಿಲ್ಲ. ಚಾಂದ್ ಬೀಬಿ ಕೈಹಾಕಿದ್ದು ಅಲ್ಲಿಗೆ. ಎಲ್ಲರೂ ಒಪ್ಪುವಂಥ ಶಾ ಅಬುಲ್ ಹಸನ್‌ಗೆ ಅಧಿಕಾರ ವಹಿಸಿದಳು. ಮುನಿಸಿಕೊಂಡಿದ್ದ ಸರದಾರರು ಒಬ್ಬೊಬ್ಬರಾಗಿ ಹಿಂದಿರುಗಿದರು. ಮರಾಠಾ ಕುದುರೆ ಪಡೆಗಳು ಶತ್ರುವಿನ ಆಹಾರ ಸಾಗಣೆಗೆ ಅಡ್ಡಬಿದ್ದವು. ಮುತ್ತಿಗೆ ಹಾಕಿದವರೇ ಹಸಿದು ಜಾಗ ಖಾಲಿ ಮಾಡಿದರು. ಬಿಜಾಪುರ ಉಳಿಯಿತು. ಅದರ ಜೊತೆಗೆ ರಾಯಚೂರು ದೋಆಬೂ ಬಿಜಾಪುರದ ಕೈಯಲ್ಲೇ ಉಳಿಯಿತು.

ಸುಖಾಂತ್ಯ ಅಂದುಕೊಂಡ್ರಾ? ಇಲ್ಲ. ದಿಲಾವರ್ ಖಾನ್ ಎಂಬ ಇನ್ನೊಬ್ಬ ಸರದಾರ ಅಧಿಕಾರ ಕಿತ್ತುಕೊಂಡ. 1584ರಲ್ಲಿ ಇಬ್ರಾಹಿಂನ ತಂಗಿಗೆ ಅಹಮದ್‌ನಗರದಲ್ಲಿ ಮದುವೆ ಗೊತ್ತಾಯ್ತು. ಮದುವೆ ದಿಬ್ಬಣದ ಜೊತೆ ಚಾಂದ್ ಬೀಬಿ ತವರಿಗೆ ಹೊರಟಳು. ಯಾವ ಹುಡುಗನ ಕುರ್ಚಿ ಕಾಯ್ದಳೋ ಅವನನ್ನು ಆ ಕುರ್ಚಿಯ ಮೇಲೇ ಬಿಟ್ಟು ಹೊರಟಳು. ಆ ಹುಡುಗ ದೊಡ್ಡವನಾಗಿ ದಿಲಾವರ್ ಖಾನನನ್ನು ಓಡಿಸಿ 1627ರವರೆಗೆ ಆಳಿದ. ಸರಸ್ವತಿಯನ್ನೂ ಗಣಪತಿಯನ್ನೂ ನೆನೆದು 'ಕಿತಾಬ್-ಎ-ನವರಸ್' ಬರೆದ ಜಗದ್ಗುರು ಬಾದಶಾ ಎರಡನೇ ಇಬ್ರಾಹಿಂ ಅವನೇ.

ಜಗತ್ತು ನೆನಪಿಟ್ಟಿರೋದು ಮಾತ್ರ ಇನ್ನೊಬ್ಬ ಚಾಂದ್ ಬೀಬಿಯನ್ನು. 1595ರ ಕೊನೆಯಲ್ಲಿ ಅಕ್ಬರನ ಮಗ ಮುರಾದ್ ಅಹಮದ್‌ನಗರವನ್ನು ಮುತ್ತಿದ. ಮೊಘಲರು ಸುರಂಗಕ್ಕೆ ಮದ್ದು ತುಂಬಿಸಿ ಕೋಟೆ ಗೋಡೆ ಉರುಳಿಸಿದರು. ಆಕೆ ಕತ್ತಿ ಹಿಡಿದು ಆ ಬಿರುಕಿನಲ್ಲಿ ನಿಂತು ಕಾದಾಡಿ, ರಾತ್ರೋರಾತ್ರಿ ಗೋಡೆ ಕಟ್ಟಿಸಿದಳು. ಚಿತ್ರಗಳಲ್ಲಿ, ಕಥೆಗಳಲ್ಲಿ ಉಳಿದಿರೋದು ಈ ಕತ್ತಿ. ಆದರೆ ಒಂದು ಮಾತು ಗಮನಿಸಿ. ಆಗ ಅಹಮದ್‌ನಗರದ ನೆರವಿಗೆ ಸುಹೈಲ್ ಖಾನನ ನೇತೃತ್ವದಲ್ಲಿ ಸೈನ್ಯ ಕಳಿಸಿದ್ದು ಯಾರು? ಬಿಜಾಪುರದ ಇಬ್ರಾಹಿಂ. ಅದೇ ಒಂಬತ್ತು ವರ್ಷದ ಹುಡುಗ! ಆ ಸೈನ್ಯ ಬರ್ತಿದೆ ಅನ್ನೋ ಸುದ್ದಿಯೂ ಸೇರಿ ಮೊಘಲರು ಬೀರಾರ್ ಪ್ರಾಂತ್ಯ ಪಡೆದು ಒಪ್ಪಂದಕ್ಕೆ ಬಂದರು.

1600ರಲ್ಲಿ ಮೊಘಲರು ಮತ್ತೆ ಬಂದರು. ಇನ್ನು ಗೆಲ್ಲೋಕೆ ಆಗಲ್ಲ ಅಂತ ಗೊತ್ತಾಗಿ ಆಕೆ ಸಂಧಿಯ ಮಾತೆತ್ತಿದಳು. ರಾಣಿ ಶತ್ರು ಪಾಲಾದಳು ಅಂತ ಗುಲ್ಲೆದ್ದಿತು. ಅವಳದೇ ಜನ ನುಗ್ಗಿ ಅವಳನ್ನು ಕೊಂದರು. ಕೆಲವೇ ದಿನಗಳಲ್ಲಿ ಕೋಟೆ ಬಿತ್ತು. ಒಂದು ವದಂತಿ ಏನು ಮಾಡುತ್ತೆ ಅನ್ನೋದನ್ನು ಸುದ್ದಿ ಓದುವ ನಾನು ಬಿಡಿಸಿ ಹೇಳಬೇಕಾಗಿಲ್ಲ.

ತಾಳಿಕೋಟೆಯ ಯುದ್ಧ ಮುಗಿದದ್ದು ಒಂದೇ ದಿನದಲ್ಲಿ. ಅಂದು ಗೆದ್ದ ರಾಜ್ಯವನ್ನು ಒಡೆಯದಂತೆ ಹಿಡಿದಿಡೋಕೆ ಒಬ್ಬ ಹೆಣ್ಣುಮಗಳಿಗೆ ಸೆರೆವಾಸ, ಅವಮಾನ, ಅಣ್ಣತಮ್ಮಂದಿರ ದಂಡು ಎಲ್ಲ ಎದುರಾಯ್ತು. ಆ ಕುರ್ಚಿ ಎಂದಿಗೂ ತನ್ನದಾಗಲ್ಲ ಅಂತ ಆಕೆಗೆ ಗೊತ್ತಿತ್ತು. ಆದ್ರೂ ಕಾಯ್ದಳು, ಕಾಯ್ದದ್ದನ್ನು ಬಿಟ್ಟುಕೊಟ್ಟಳು. ನಮ್ಮ ಜಿಲ್ಲೆಗಳಿಗೆ ಬಂದು ಹೋಗುವ ಉಸ್ತುವಾರಿಗಳನ್ನು ನೋಡಿದಾಗೆಲ್ಲ ನನಗೆ ಈಕೆ ನೆನಪಾಗ್ತಾಳೆ. ಮುಂದಿನ ಸಲ ರಾಯಚೂರು ಬಸ್ ಸ್ಟ್ಯಾಂಡ್‌ನಲ್ಲಿ ಬಸ್ಸಿಗೆ ಕಾಯ್ತಾ ನಿಂತಾಗ ಕೋಟೆ ಕಡೆ ಒಮ್ಮೆ ತಿರುಗಿ ನೋಡಿ. ಗೆದ್ದವರ ಹೆಸರು ನಿಮಗೆ ಗೊತ್ತು. ಗೆದ್ದದ್ದನ್ನು ಕಾಯ್ದವಳ ಹೆಸರೂ ಗೊತ್ತಿರಲಿ.